ಗಪ್ಪತಿಯ ಹೆಬ್ಬೆಟ್ಟು

"ಇವತ್ತು ಹಾಜರಿ ಮೆಷಿನ್ನಿಗೆ ಎಷ್ಟು ಸಲ ಒತ್ತಿದೆಯೋ?" ಸುಬ್ರಾಯ ಕೇಳಿದ.

"ಹನ್ನೊಂದು ಸಲ. ಬಲಗೈ ಹೆಬ್ಬೆಟ್ಟು ಆಯಿತು, ಎಡಗೈಯದ್ದು ಆಯಿತು, ತೋರುಬೆರಳೂ ಆಯಿತು. ಕಾಲಿನದ್ದೊಂದು ಬಾಕಿ ಇತ್ತು. ಚಪ್ಪಲಿ ಬಿಚ್ಚುವಷ್ಟರಲ್ಲಿ ಹತ್ತೂ ಹನ್ನೆರಡು."

ಗಪ್ಪತಿ ಎರಡೂ ಕೈಗಳನ್ನು ಕ್ಯಾಂಟೀನಿನ ಮೇಜಿನ ಮೇಲೆ ಚಾಚಿದ. ಕೊನೆಕೊಯ್ಲಿನ ಕಾಲ. ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕುಳಿತು ಹಸಿ ಅಡಿಕೆ ಸುಲಿದ ಕೈ. ಕಪ್ಪು ಹಿಡಿದಿತ್ತು, ಹೆಬ್ಬೆಟ್ಟಿನ ಗೆರೆಗಳು ಸವೆದಿದ್ದವು. ನಿಂಬೆಹಣ್ಣು ತಿಕ್ಕಿದರೂ ಹೋಗುವ ಬಣ್ಣ ಅಲ್ಲ ಅದು. ಶಿರಸಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ ಬಿಡಿ.

"ದಿನಾ ಬೆಳಗ್ಗೆ ಮೆಷಿನ್ನು ನನಗೆ ಏನು ಹೇಳುತ್ತದೆ ಗೊತ್ತಾ? 'ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ'. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಮಾಸ್ತರರೂ ಇದನ್ನೇ ಹೇಳಿದ್ದರು. ಅವರು ದಯವಿಟ್ಟು ಅಂದಿರಲಿಲ್ಲ. ಅಷ್ಟರ ಮಟ್ಟಿಗೆ ಮೆಷಿನ್ನು ಸಂಭಾವಿತ."

"ನೀನು ಬೇಗ ಬಂದರೆ ಮುಗೀತಲ್ಲ ಮಾರಾಯ. ನಾನು ಒಂಬತ್ತೂ ಮುಕ್ಕಾಲಿಗೇ ಒತ್ತುತ್ತೇನೆ. ಒಂದೇ ಸಲಕ್ಕೆ ಆಗುತ್ತದೆ."

"ಆಗದೆ ಏನು? ನಿನ್ನ ಬೆರಳು ಪೇಪರ್ ಮಗುಚುವ ಬೆರಳು. ಗೆರೆ ಎಲ್ಲಿ ಸವೆಯಬೇಕು?"

ಶಾಂತಕ್ಕ ಕಷಾಯಕ್ಕೆ ಊದುತ್ತಿದ್ದಳು. "ನಾನು ಬೆಳಗ್ಗೆ ಐದಕ್ಕೇ ಡ್ಯೂಟಿಗೆ ಹತ್ತಿದವಳು. ಹಾಲು ಕರೆದು, ದೋಸೆ ಎರೆದು, ಮಾವನವರಿಗೆ ಮಾತ್ರೆ ಕೊಟ್ಟು ಬರುತ್ತೇನೆ. ಹತ್ತು ಗಂಟೆಯದ್ದು ನನಗೆ ಎರಡನೇ ಪಾಳಿ. ಮೊದಲನೇದಕ್ಕೆ ಯಾವ ಮೆಷಿನ್ನಿಗೆ ಒತ್ತಲಿ?"

ಅದಕ್ಕೆ ಇಬ್ಬರೂ ಉತ್ತರ ಕೊಡಲಿಲ್ಲ. ಮಿಸಳ್ ಬಂತು.

"ಈ ಬೆರಳಿನ ಹುಚ್ಚು ಎಲ್ಲಿಂದ ಬಂತೋ?" ಅಂದಳು ಶಾಂತಕ್ಕ.

"ದಿಲ್ಲಿಯಿಂದ," ಅಂದ ಸುಬ್ರಾಯ. ಪೇಪರ್ ಓದಿದ್ದಕ್ಕೆ ಅಷ್ಟಾದರೂ ಬೇಡವೇ? "ಕೇಂದ್ರ ಸರ್ಕಾರದ ಆಫೀಸುಗಳಿಗೆ 2014ರಲ್ಲಿ ಆಧಾರ್ ಜೋಡಿಸಿದ ಹಾಜರಿ ತಂದರು. ಆಮೇಲೆ ಎಲ್ಲ ಕಡೆ ಹಬ್ಬಿತು."

"ಅದೇ ನೋಡು. ದಿಲ್ಲಿಯವರು ಅಡಿಕೆ ತಿನ್ನುತ್ತಾರೆ, ಸುಲಿಯುವುದಿಲ್ಲ. ಅಲ್ಲಿ ನಡೆಯುತ್ತದೆ," ಅಂದ ಗಪ್ಪತಿ. "ನಮ್ಮ ಅಜ್ಜ ಸೊಸೈಟಿ ಸಾಲಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಆ ನಾಚಿಕೆಗೇ ಅಪ್ಪನನ್ನು ಶಾಲೆಗೆ ಹಾಕಿದ. ಅಪ್ಪ ನನ್ನನ್ನು ಬಿ.ಕಾಂ. ಓದಿಸಿದ. ಇಷ್ಟೆಲ್ಲ ಓದಿ ನಾನು ಬಂದು ನಿಂತದ್ದು ಎಲ್ಲಿ? ಅದೇ ಹೆಬ್ಬೆಟ್ಟಿಗೆ. ಅಜ್ಜನದ್ದನ್ನು ಸೊಸೈಟಿಯವರು ಒಂದೇ ಸಲಕ್ಕೆ ಒಪ್ಪಿಕೊಂಡಿದ್ದರು."

"ಲೇಟಾದರೆ ಲೇಟು. ಎಲ್ಲರಿಗೂ ಒಂದೇ ರೂಲು."

"ಎಲ್ಲರಿಗೂ? ಸಾಹೇಬರ ಬೆರಳು ಆ ಮೆಷಿನ್ನಿಗೆ ತಾಗಿದ್ದನ್ನು ನೋಡಿದ್ದೀಯಾ?"

"ಅವರದ್ದು ಫೀಲ್ಡ್ ಡ್ಯೂಟಿ."

"ಮನೆ ಇನ್ನೂರು ಹೆಜ್ಜೆ ದೂರ. ಹನ್ನೊಂದೂವರೆಗೆ ಬಂದರೆ ಫೀಲ್ಡು. ನಾನು ವಾನಳ್ಳಿ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದು ಹತ್ತೂ ಹನ್ನೆರಡಕ್ಕೆ ಒತ್ತಿದರೆ ಲೇಟು. ಮೂರು ಸಲ ಆದರೆ ಅರ್ಧ ದಿನದ ಸಂಬಳ ಖೋತಾ. ಮೂರು ಹನ್ನೆರಡ್ಲಿ ಮೂವತ್ತಾರು ನಿಮಿಷ. ಬಿಲ್ಲು ನಾಲ್ಕು ಗಂಟೆಯದ್ದು. ಯಾವ ಹೋಟೆಲಿನಲ್ಲಿ ಹೀಗಿದೆ ಹೇಳು, ಒಂದು ಬನ್ಸ್ ತಿಂದವನಿಗೆ ಏಳು ಬನ್ಸಿನ ಬಿಲ್ಲು?"

"ಹಾಗೆಲ್ಲ ಕತ್ತರಿಸುವ ಹಾಗಿಲ್ಲ," ಅಂದಳು ಶಾಂತಕ್ಕ. ಅವಳ ತಮ್ಮ ವಕೀಲ. "1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತಂತೆ, 2019ರ ವೇತನ ಸಂಹಿತೆಯಲ್ಲೂ ಇದೆಯಂತೆ. ಎಷ್ಟು ಹೊತ್ತು ಇರಲಿಲ್ಲವೋ ಅಷ್ಟರದ್ದೇ ಕತ್ತರಿಸಬೇಕು. ಮೂವತ್ತಾರು ನಿಮಿಷಕ್ಕೆ ಮೂವತ್ತಾರು ನಿಮಿಷದ್ದೇ."

ಗಪ್ಪತಿ ಎದ್ದೇ ನಿಂತ. "ಹಾಗಾದರೆ ಎಲ್ಲರೂ ಸೇರಿ ಒಂದು ದಿನ ಬರುವುದೇ ಬೇಡ. ಸಾಹೇಬರಿಗೆ ಬುದ್ಧಿ ಬರಲಿ."

"ಕೂತ್ಕ. ಅದೇ ಕಾಯ್ದೆಯಲ್ಲಿ ಮುಂದೆ ಇನ್ನೊಂದಿದೆ. ಹತ್ತು ಅಥವಾ ಜಾಸ್ತಿ ಜನ ಮಾತಾಡಿಕೊಂಡು, ನೋಟಿಸು ಕೊಡದೆ, ಸರಿಯಾದ ಕಾರಣ ಇಲ್ಲದೆ ತಪ್ಪಿಸಿಕೊಂಡರೆ 8 ದಿನದ ಸಂಬಳದವರೆಗೂ ಕತ್ತರಿಸಬಹುದು."

"ನಮ್ಮಲ್ಲಿ ಇರುವುದೇ ಒಂಬತ್ತು ಜನ."

"ಆದರೂ ಹೆದರಬೇಡ," ಅಂದ ಸುಬ್ರಾಯ. "ನಮ್ಮ ಒಂಬತ್ತು ಜನ ಮಾತಾಡಿಕೊಂಡು ಒಂದಾದದ್ದು ಯಾವಾಗ? ಗಣೇಶ ಚೌತಿಗೆ ಬೋನಸ್ಸು ಕೇಳಲು ಹೋದಾಗ ಸಾಹೇಬರ ಬಾಗಿಲ ತನಕ ಒಂಬತ್ತು ಜನ ಇದ್ದೆವು. ಒಳಗೆ ಹೋದದ್ದು ನಾನೊಬ್ಬನೇ."

ಸುಬ್ರಾಯನಿಗೂ ಒಮ್ಮೊಮ್ಮೆ ಒಳ್ಳೆ ಮಾತು ಬರುತ್ತದೆ.

ಗಪ್ಪತಿ ಕೂತ. "ಈ ಊರಲ್ಲಿ ಟೈಮು ಅಂದರೇನು ಅಂತ ಮೆಷಿನ್ನಿಗೆ ಯಾರಾದರೂ ಹೇಳಬೇಕು. ಒಂದು ವರ್ಷ ಮಾರಿಕಾಂಬಾ ಜಾತ್ರೆ. ಒಂಬತ್ತು ದಿನ ಯಾರನ್ನೂ ಕೇಳುವ ಹಾಗಿಲ್ಲ. ಮರುವರ್ಷ ಹೋಳಿಗೆ ಬೇಡರ ವೇಷ. ರಾತ್ರಿಯಿಡೀ ತಮಟೆ. ಒಂದು ವರ್ಷ ದೇವಿ ಲೇಟು ಮಾಡಿಸಿದರೆ, ಇನ್ನೊಂದು ವರ್ಷ ಬೇಡ ಲೇಟು ಮಾಡಿಸುತ್ತಾನೆ. ನಡುವೆ ಎಲ್ಲಾದರೂ ಯಕ್ಷಗಾನದ ಆಟ ಇದ್ದರೆ ಬೆಳಗಿನ ಜಾವದ ತನಕ ಚಂಡೆ. ಹತ್ತು ಗಂಟೆ ಅನ್ನುವುದು ಇಲ್ಲಿ ಒಂದು ಅಂದಾಜು."

"ರಾಯ್ಕರ್ ಹೆಡ್‌ಕ್ಲಾರ್ಕು ಇದ್ದಾಗ ಹೀಗಿರಲಿಲ್ಲ," ಅಂದಳು ಶಾಂತಕ್ಕ, ಸ್ವಲ್ಪ ತಡೆದು.

ರಾಯ್ಕರರ ಹೆಸರು ಬಂದರೆ ಸುಬ್ರಾಯನೂ ಪೇಪರ್ ಮಡಚುತ್ತಾನೆ. ಅವರ ಕಾಲದಲ್ಲಿ ಇದ್ದದ್ದು ಹಾಜರಿ ಪುಸ್ತಕ. ಹತ್ತೂ ಹತ್ತಕ್ಕೆ ಕೆಂಪು ಗೆರೆ ಎಳೆಯಬೇಕು. ರಾಯ್ಕರರು ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದರು, ಮುಚ್ಚಳ ತೆಗೆಯುತ್ತಿರಲಿಲ್ಲ. ಕಿವಿ ಕಿಟಕಿಯ ಕಡೆಗೆ. ವಾನಳ್ಳಿ ಬಸ್ಸಿನ ಹಾರ್ನು ಕೇಳಿದ ಮೇಲೆ, ಗಪ್ಪತಿ ಮೆಟ್ಟಿಲು ಹತ್ತಿದ ಸದ್ದಾದ ಮೇಲೆ, ಮುಚ್ಚಳ ತೆಗೆದು ಗೆರೆ ಎಳೆಯುವರು. ಆಮೇಲೆ ಇಡೀ ದಿನ ಗಪ್ಪತಿಯನ್ನು ಬೈಯುವರು. ಅದಕ್ಕೆ ಸಂಬಳ ಕತ್ತರಿಸುತ್ತಿರಲಿಲ್ಲ.

"ಬೈಗುಳ ಕೇಳಿ ಕೇಳಿ ಆರು ಗಂಟೆಯ ತನಕ ಕುಳಿತು ಕೆಲಸ ಮಾಡುತ್ತಿದ್ದೆ," ಅಂದ ಗಪ್ಪತಿ. "ಈಗ ಐದೂವರೆಗೆ ಬೆರಳು ಒತ್ತಿ ಹೊರಡುತ್ತೇನೆ. ಆಗಲೂ ಅದು ಮತ್ತೊಮ್ಮೆ ಪ್ರಯತ್ನಿಸಿ ಅನ್ನುತ್ತದೆ."

ಅಷ್ಟರಲ್ಲಿ ಆಫೀಸಿನ ಹುಡುಗ ಓಡಿ ಬಂದ. "ಅಕ್ಕಾ, ಒಬ್ಬರು ಅಜ್ಜಿ ಬಂದಿದ್ದಾರೆ. ಎಲ್ಲರ ಕುರ್ಚಿ ಖಾಲಿ."

"ಯಾವಾಗ ಬಂದರೋ?"

"ಹತ್ತಕ್ಕೇ ಬಂದರು. ಮೊದಲನೇ ಬಸ್ಸಿಗೆ."

ಮೂವರೂ ಗೋಡೆಯ ಗಡಿಯಾರ ನೋಡಿದರು. ಹತ್ತೂ ನಲವತ್ತು. ಮೆಷಿನ್ನಿನ ಲೆಕ್ಕದಲ್ಲಿ ಮೂವರೂ ಆಫೀಸಿನ ಒಳಗೇ ಇದ್ದರು.

"ಕೂರಿಸಿದೆಯಾ?"

"ಕೂರುವುದಿಲ್ಲ ಅಂದರು. ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಅಂತ ಕೇಳಿ, ಮೆಷಿನ್ನಿನ ಮೇಲೇ ಒತ್ತಿಬಿಟ್ಟರು."

"ಏನಂತು ಅದು?" ಗಪ್ಪತಿ ಕೇಳಿದ.

"'ಧನ್ಯವಾದ' ಅಂತು."