ಪದಚರ್ಚೆ: ತಿರುಪಿಲ್ಲದ ಕವಚದ ‘ಸ್ನ್ಯಾಪ್ ಫಿಟ್’ಗೆ ಏನೆನ್ನೋಣ? ಜೊತೆಗೆ ತೆರೆ, ಕಳಚು, ಬಿಚ್ಚು

ಮಾನ್ಯರೆ,

ಎಲೆಕ್ಟ್ರಾನಿಕ್ ಉಪಕರಣಗಳ ಪ್ಲಾಸ್ಟಿಕ್ ಹೊರಕವಚವನ್ನು ತಿರುಪುಮೊಳೆಗಳಿಲ್ಲದೆ ಕೂಡಿಸುವ ವಿನ್ಯಾಸವನ್ನು ಕುರಿತು, ಡಿಪ್ಲೊಮಾ ಓದುತ್ತಿರುವವರಿಗೂ ರಿಪೇರಿ ಕೆಲಸ ಕಲಿಯುವವರಿಗೂ ಉಪಯೋಗವಾಗುವಂಥ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ವಿಷಯವನ್ನು ವಿವರಿಸುವುದು ಕಷ್ಟವಾಗಿಲ್ಲ. ಎರಡು ಕಡೆ ಮಾತ್ರ ಸರಿಯಾದ ಪದ ಸಿಗದೆ ಬರವಣಿಗೆ ನಿಂತಿದೆ. ಇಂಗ್ಲಿಷಿನಲ್ಲಿ ‘ಸ್ನ್ಯಾಪ್ ಫಿಟ್’ ಎಂದು ಕರೆಯುವ ಕೂಡಿಕೆಗೆ ಕನ್ನಡದ ಹೆಸರು ಯಾವುದಾಗಬಹುದು ಎಂಬುದು ಒಂದು. ಅಂಥ ಕವಚವನ್ನು ತೆಗೆಯುವ ಕೆಲಸಕ್ಕೆ ಯಾವ ಸಂದರ್ಭದಲ್ಲಿ ಯಾವ ಕ್ರಿಯಾಪದವನ್ನು ಬಳಸಬೇಕು ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡನೆಯದು ಸಣ್ಣ ಪ್ರಶ್ನೆಯಂತೆ ಕಂಡರೂ, ಬಳಸುವವರ ಜೀವಕ್ಕೆ ಸಂಬಂಧಪಟ್ಟದ್ದು ಅದೇ.

ಮೊದಲು ವಸ್ತುವನ್ನೇ ನೋಡೋಣ. ಟಿವಿ ರಿಮೋಟಿನ ಸೆಲ್ ಮುಚ್ಚಳವನ್ನು ಕಳಚಿ ಅದರ ತುದಿಯನ್ನು ಗಮನಿಸಿದರೆ, ಹಿಂದಕ್ಕೆ ಮಡಿಚಿದಂತಿರುವ ತೆಳುವಾದ ಪ್ಲಾಸ್ಟಿಕ್ ನಾಲಗೆಯೂ ಅದರ ಹೊರಮೈಯಲ್ಲಿ ಒಂದು ಸಣ್ಣ ಹಲ್ಲೂ ಕಾಣುತ್ತವೆ. ಮುಚ್ಚಳವನ್ನು ಒತ್ತಿದಾಗ ನಾಲಗೆ ಒಳಸರಿಯುತ್ತದೆ, ಹಲ್ಲು ರಿಮೋಟಿನ ಅಂಚನ್ನು ದಾಟುತ್ತದೆ, ದಾಟಿದ ಕೂಡಲೇ ನಾಲಗೆ ತನ್ನ ಮೊದಲಿನ ಜಾಗಕ್ಕೆ ಮರಳಿ ಹಲ್ಲು ಅಂಚಿನಡಿ ಸಿಕ್ಕಿಕೊಳ್ಳುತ್ತದೆ. ರಿಮೋಟಿನ ಮೇಲಿನ ಮತ್ತು ಕೆಳಗಿನ ಹೋಳುಗಳು ಕೂಡ ಬಹುಮಟ್ಟಿಗೆ ಇದೇ ತತ್ವದ ಮೇಲೆ ಅಂಚಿನುದ್ದಕ್ಕೂ ಕೂಡಿಕೊಂಡಿರುತ್ತವೆ. ಅಲ್ಲಿ ಹಲ್ಲುಗಳೆಲ್ಲ ಒಳಗಡೆ ಇರುವುದರಿಂದ ಹೊರಗಿನಿಂದ ಒಂದು ಸಣ್ಣ ಗೀರು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗಾಗಿ ಅದರ ತಯಾರಕರೇ 2015ರಲ್ಲಿ ತಂದ ಕೆಂಪು-ಬಿಳಿ ಡಬ್ಬಿಯನ್ನು ನೋಡಿದವರಿಗೆ, ಒಂದೂ ತಿರುಪಿಲ್ಲದೆ ಹಲವು ಭಾಗಗಳು ಹೇಗೆ ಕೂಡಿಕೊಳ್ಳುತ್ತವೆ ಎಂಬುದು ಗೊತ್ತಿರುತ್ತದೆ.

ಈ ನಾಲಗೆಗೆ ರಿಪೇರಿ ಅಂಗಡಿಗಳಲ್ಲಿ ‘ಲಾಕು’ ಅಥವಾ ‘ಕ್ಲಿಪ್ಪು’ ಎನ್ನುತ್ತಾರೆ. ‘ಒಂದು ಲಾಕು ಮುರಿದುಹೋಗಿದೆ’, ‘ಲಾಕು ಕೂತಿಲ್ಲ, ಇನ್ನೊಮ್ಮೆ ಒತ್ತಿ’ ಎಂಬ ಮಾತುಗಳು ಸಾಮಾನ್ಯ. ‘ಕೂರು’ ಎಂಬ ಕ್ರಿಯಾಪದವನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ. ಒಂದು ಭಾಗ ಇನ್ನೊಂದರಲ್ಲಿ ಸರಿಯಾಗಿ ಹೊಂದಿಕೊಂಡಿತೆನ್ನಲು ಅದಕ್ಕಿಂತ ನೇರವಾದ ಮಾತು ಬೇಕಿಲ್ಲ. ಆದರೆ ‘ಲಾಕು’ ಕೈಪಿಡಿಗೆ ಒಗ್ಗುವುದಿಲ್ಲ, ಏಕೆಂದರೆ ಫೋನಿನ ವಿಷಯ ಬಂದಾಗ ಪರದೆಯ ಲಾಕೋ ಕವಚದ ಲಾಕೋ ಎಂದು ಪ್ರತಿ ಸಲವೂ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನು ನಮ್ಮಲ್ಲಿ ಮೊದಲಿನಿಂದ ಇರುವ ಪದಗಳು. ಚಿಲಕ ಮತ್ತು ಅಗುಳಿ ಎರಡೂ ಗಡುಸಾದ ವಸ್ತುಗಳು; ಅವು ಸರಿಯುತ್ತವೆ ಅಥವಾ ತಿರುಗುತ್ತವೆ, ಆದರೆ ಬಗ್ಗುವುದಿಲ್ಲ. ಕೊಂಡಿಯೂ ಹಾಗೆಯೇ, ಸಾಲದ್ದಕ್ಕೆ ಅಂತರಜಾಲದ ಪುಟಗಳನ್ನು ಜೋಡಿಸುವ ಕೆಲಸವೂ ಈಗ ಅದರ ಹೆಗಲಿಗೆ ಬಿದ್ದಿದೆ. ಕೊಕ್ಕೆ ಆಕಾರಕ್ಕೆ ಸರಿಹೊಂದುತ್ತದೆ. (ಕಡತಗಳಿಗೆ ‘ಕೊಕ್ಕೆ ಹಾಕುವ’ ಕಚೇರಿ ಅರ್ಥ ತಾಂತ್ರಿಕ ಬರಹದಲ್ಲಿ ಅಡ್ಡಬರಲಾರದು ಎಂದುಕೊಂಡಿದ್ದೇನೆ.) ಆದರೆ ಬಾವಿಯಲ್ಲಿ ಬಿದ್ದ ಕೊಡವನ್ನೆತ್ತುವ ಕೊಕ್ಕೆ ಬಗ್ಗಿದರೆ ಅದು ಕೆಟ್ಟಿತೆಂದೇ ಅರ್ಥ, ಇಲ್ಲಿಯ ಕೊಕ್ಕೆ ಬಗ್ಗದಿದ್ದರೆ ಕೆಲಸವೇ ನಡೆಯುವುದಿಲ್ಲ.

ಆದ್ದರಿಂದ ‘ಬಳುಕು’ ಎಂಬ ಧಾತುವನ್ನು ಜೊತೆಗೆ ಸೇರಿಸಿ ‘ಬಳುಕುಗೊಕ್ಕೆ’ ಎಂದೂ, ಇಡೀ ಕೂಡಿಕೆಗೆ ‘ಬಳುಕುಗೂಡಿಕೆ’ ಎಂದೂ ಕರೆಯಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಕಡೆಯುವ ಕೋಲು ಕಡೆಗೋಲಾದ ಹಾದಿಯಲ್ಲಿಯೇ ಬಳುಕುವ ಕೊಕ್ಕೆ ಬಳುಕುಗೊಕ್ಕೆಯಾಗುವುದರಿಂದ ವ್ಯಾಕರಣದ ತೊಡಕು ಇರಲಾರದು. ಬಾಗು, ಬಗ್ಗು, ಮಣಿ ಎಂಬವುಗಳನ್ನು ಬಿಟ್ಟು ಬಳುಕನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮುಪ್ಪಿಗೆ ಬೆನ್ನು ಬಾಗುತ್ತದೆ, ಗಾಳಿಗೆ ಅಡಿಕೆ ಮರ ಬಳುಕುತ್ತದೆ. ಬಾಗಿದ್ದು ಬಾಗಿಯೇ ಉಳಿಯಬಹುದು, ಬಳುಕಿದ್ದು ಮರಳುತ್ತದೆ. ಕವಿಗಳು ನಡುವಿನ ವರ್ಣನೆಗೆ ಬಳಸಿ ಸವೆಸಿದ ಪದವಾದ್ದರಿಂದ ಎಂಜಿನಿಯರಿಂಗ್ ಓದುವವರು ನಕ್ಕಾರು ಎಂಬ ಅಳುಕು ಇದೆ. ಆದರೂ ಈ ವಿನ್ಯಾಸದ ತಿರುಳೆಲ್ಲ ಬಳುಕು ಎಲ್ಲಿ ಮುಗಿದು ಬಾಗು ಎಲ್ಲಿ ಶುರುವಾಗುತ್ತದೆ ಎಂಬ ಲೆಕ್ಕದಲ್ಲೇ ಇರುವಾಗ, ಆ ಭೇದವನ್ನು ತಾನೇ ಹೇಳುವ ಪದವನ್ನು ಕೈಬಿಡಲು ಮನಸ್ಸು ಬರುತ್ತಿಲ್ಲ.

ಆ ಲೆಕ್ಕ ಹೀಗಿದೆ. ಕೊಕ್ಕೆಯ ತೋಳಿನ (ಮೇಲೆ ನಾಲಗೆ ಎಂದದ್ದು ಇದನ್ನೇ) ದಪ್ಪ ಎಲ್ಲೆಡೆ ಒಂದೇ ಇದ್ದರೆ, ತುದಿ ಸರಿಯುವ ದೂರವನ್ನು ದಪ್ಪದಿಂದ ಗುಣಿಸಿ, ಮತ್ತೆ ಮೂರರಿಂದ ಗುಣಿಸಿ, ಬಂದದ್ದನ್ನು ಉದ್ದದ ವರ್ಗದ ಎರಡರಷ್ಟರಿಂದ ಭಾಗಿಸಿದರೆ, ಬುಡದ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದು ಸಿಗುತ್ತದೆ. 12 ಮಿ.ಮೀ. ಉದ್ದ, 1.5 ಮಿ.ಮೀ. ದಪ್ಪದ ತೋಳಿನ ತುದಿ 1 ಮಿ.ಮೀ. ಸರಿದರೆ ಬುಡದಲ್ಲಿ ಸುಮಾರು ಶೇ 1.6ರಷ್ಟು ಹಿಗ್ಗುವಿಕೆ, ಎಬಿಎಸ್ ಪ್ಲಾಸ್ಟಿಕ್ ಇದನ್ನು ತಾಳಿಕೊಳ್ಳುತ್ತದೆ. ಜಾಗ ಸಾಲದೆಂದು ತೋಳನ್ನು 6 ಮಿ.ಮೀ.ಗೆ ಇಳಿಸಿದರೆ ಹಿಗ್ಗುವಿಕೆ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗಿ ಶೇ 6ನ್ನು ದಾಟುತ್ತದೆ. ಆಗ ಮೊದಲ ಒತ್ತಿಗೇ ಬುಡ ಬೆಳ್ಳಗಾಗುತ್ತದೆ ಅಥವಾ ಮುರಿಯುತ್ತದೆ. ಒಂದೇ ಸಲ ಕೂಡಿಸಿ ಬಿಡುವ ಕವಚಕ್ಕೂ ಪದೇ ಪದೇ ತೆಗೆದು ಹಾಕುವ ಕವಚಕ್ಕೂ ಒಂದೇ ಮಿತಿ ಸಲ್ಲದು. ಎರಡನೆಯದಕ್ಕೆ ಮೊದಲನೆಯದರ ಶೇ 60ರಷ್ಟನ್ನೇ ಮಿತಿಯಾಗಿ ಹಿಡಿಯುವುದು ರೂಢಿ. ಬುಡದ ಮೂಲೆಯನ್ನು ಚೂಪಾಗಿ ಬಿಡದೆ ದುಂಡಾಗಿಸಬೇಕು, ತೋಳು ತುದಿಯ ಕಡೆಗೆ ತೆಳ್ಳಗಾಗುತ್ತ ಹೋಗಬೇಕು. ಕೂತ ಮೇಲೆ ಕೊಕ್ಕೆಯ ಮೇಲೆ ಯಾವ ಒತ್ತಡವೂ ಉಳಿಯಬಾರದು ಎಂಬುದೂ ಅಷ್ಟೇ ಮುಖ್ಯ, ಏಕೆಂದರೆ ಪ್ಲಾಸ್ಟಿಕ್ಕನ್ನು ದೀರ್ಘಕಾಲ ಬಗ್ಗಿಸಿಯೇ ಇಟ್ಟರೆ ಅದು ಮರಳುವ ಗುಣವನ್ನು ಕಳೆದುಕೊಳ್ಳುತ್ತದೆ, ಅಂದರೆ ಬಳುಕು ಬಾಗಾಗುತ್ತದೆ.

ಇತರ ಸಲಹೆಗಳೂ ನನ್ನ ಮುಂದಿವೆ. ‘ಒತ್ತುಗೂಡಿಕೆ’ ಎಂದರೆ ‘ಪ್ರೆಸ್ ಫಿಟ್’ ಎಂಬ ಬೇರೆಯೇ ವಿಧಾನದ ಜೊತೆ ಗೊಂದಲವಾಗುತ್ತದೆ. ಅಲ್ಲಿ ಭಾಗ ಅಮುಕಿದ ಸ್ಥಿತಿಯಲ್ಲೇ ಉಳಿಯುತ್ತದೆ, ಮರಳುವುದಿಲ್ಲ. ‘ಟಕ್ಕುಗೂಡಿಕೆ’ ಎಂದು ಸದ್ದಿನಿಂದ ಹೆಸರಿಸಬಹುದೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹೆಸರು ನಾಲಗೆಗೆ ಹಗುರವಾಗಿದೆ, ಆದರೆ ಗಂಭೀರ ಪಠ್ಯದಲ್ಲಿ ನಿಲ್ಲುತ್ತದೆಯೇ ಎಂಬ ಅನುಮಾನ ನನ್ನದು. ಸೂಚನೆಯಲ್ಲಂತೂ ಆ ಸದ್ದು ಬೇಕೇ ಬೇಕು: ‘ಟಕ್ ಎನ್ನುವವರೆಗೆ ಒತ್ತಿ’ ಎಂದರೆ ಕೂತಿತೋ ಇಲ್ಲವೋ ಎಂಬುದು ಕಿವಿಗೇ ತಿಳಿಯುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹಲ್ಲಿಗೆ ಎರಡು ಮೋರೆಗಳಿರುತ್ತವೆ: ಒಳಹೋಗುವಾಗ ಅಂಚಿಗೆ ತಾಗುವ ಇಳಿಜಾರು ಒಂದು, ಹೊರಬಾರದಂತೆ ತಡೆಯುವ ಮೋರೆ ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಇರುತ್ತದೆ. ಎರಡನೆಯದು 45 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮುಚ್ಚಳವನ್ನು ಎಳೆದಾಗ ಹಲ್ಲು ತಾನಾಗಿ ಜಾರಿ ಹೊರಬರುತ್ತದೆ. 90 ಡಿಗ್ರಿ ಇದ್ದರೆ ಎಷ್ಟು ಎಳೆದರೂ ಬಾರದು, ಒಂದು ಕಿಂಡಿಯ ಮೂಲಕ ತೋಳನ್ನೇ ಒತ್ತಿ ಸರಿಸಬೇಕು, ಕಿಂಡಿಯೂ ಇಲ್ಲದಿದ್ದರೆ ಮುರಿಯದೆ ಬೇರೆ ದಾರಿಯಿಲ್ಲ. ಹೀಗೆ ಕವಚ ಯಾರ ಕೈಗೆ ತೆರೆದುಕೊಳ್ಳಬೇಕು ಎಂಬುದನ್ನು ವಿನ್ಯಾಸಕಾರ ಒಂದು ಕೋನದಲ್ಲಿ ತೀರ್ಮಾನಿಸಿಬಿಡುತ್ತಾನೆ. ಕನ್ನಡದ ಸೂಚನೆಯಲ್ಲಿ ಅದೇ ತೀರ್ಮಾನ ಕ್ರಿಯಾಪದದಲ್ಲಿ ಕಾಣಬೇಕು. ಆದರೆ ನಾವು ಎಲ್ಲಕ್ಕೂ ‘ತೆಗೆಯಿರಿ’ ಎಂದು ಬರೆದು ಮುಗಿಸುತ್ತೇವೆ. ಬಾಗಿಲು ತೆಗೆ ಎಂದರೆ ತೆರೆ ಎಂದು ಅರ್ಥ, ಚಪ್ಪಲಿ ತೆಗೆ ಎಂದರೆ ಕಳಚು ಎಂದು ಅರ್ಥ. ‘ಮುಚ್ಚಳ ತೆಗೆಯಿರಿ’ ಎಂದು ಓದಿದವರು ಕೀಲಿರುವ ಮುಚ್ಚಳವನ್ನು ಕಿತ್ತೇ ಬಿಡುವ ಸಾಧ್ಯತೆ ಇಲ್ಲದಿಲ್ಲ.

ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಐಇಸಿ 60335-1 ಮಾನದಂಡವು ಸಾಧನದ (ತಿರುಪುಳಿಯಂಥ ಟೂಲಿನ) ನೆರವಿಲ್ಲದೆ ತೆಗೆಯಬಹುದಾದ ಭಾಗಗಳನ್ನೂ ಹಾಗೆ ತೆಗೆಯಬಾರದ ಭಾಗಗಳನ್ನೂ ಬೇರೆಬೇರೆಯಾಗಿ ನೋಡುತ್ತದೆ. ವಿದ್ಯುತ್ ಹರಿಯುವ ಭಾಗಗಳನ್ನು ಮರೆಮಾಡಿರುವ ಕವಚ ಬಳುಕುಗೊಕ್ಕೆಗಳ ಮೇಲೆಯೇ ನಿಂತಿದ್ದರೆ, 50 ನ್ಯೂಟನ್ ಬಲದಿಂದ ಒತ್ತಿದರೂ ಅದು ಬಿಟ್ಟುಕೊಳ್ಳಬಾರದು. ಕಾರಣ ಸ್ಪಷ್ಟ: 230 ವೋಲ್ಟಿನ ಎ.ಸಿ.ಯನ್ನು ಡಿ.ಸಿ.ಯಾಗಿ ಮಾರ್ಪಡಿಸುವ ವಿದ್ಯುತ್ ಮಂಡಲದಲ್ಲಿ ವಿದ್ಯುತ್ತನ್ನು ಹಿಡಿದಿಡುವ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಹೀಗಾಗಿ ನಾನು ಕ್ರಿಯಾಪದಗಳನ್ನು ಈ ರೀತಿ ಹಂಚಿಕೊಂಡಿದ್ದೇನೆ. ಮುಚ್ಚಳ ಉಪಕರಣಕ್ಕೆ ಅಂಟಿಕೊಂಡೇ ಇದ್ದು ಬಾಯಿ ಮಾತ್ರ ತೆರೆದುಕೊಳ್ಳುವುದಾದರೆ ‘ತೆರೆಯಿರಿ’. ಬರಿಗೈಯಲ್ಲಿ ಬೇರ್ಪಡಿಸುವುದಾದರೆ ‘ಕಳಚಿ’. ಸಾಧನ ಹಿಡಿದು, ಗೊತ್ತಿದ್ದವರು ಮಾತ್ರ ಮಾಡಬೇಕಾದ ಕೆಲಸವಾದರೆ ‘ಬಿಚ್ಚಿ’. ‘ರೇಡಿಯೋ ಬಿಚ್ಚಿ ಕೂತಿದ್ದಾನೆ’ ಎಂಬ ಮಾತಿನಲ್ಲಿ ಈ ಮೂರನೆಯ ಅರ್ಥ ಈಗಾಗಲೇ ಇದೆ. ಎಚ್ಚರಿಕೆಯ ಚೀಟಿಯಲ್ಲಿ ‘ತೆರೆಯಬೇಡಿ’ ಎನ್ನುವ ಬದಲು ‘ಬಿಚ್ಚಬೇಡಿ’ ಎಂದರೆ, ಸೆಲ್ ಬದಲಾಯಿಸುವುದಕ್ಕೂ ಹೆದರಬೇಕಾದ ಪ್ರಮೇಯ ಬರುವುದಿಲ್ಲ.

ನಾಲ್ಕನೆಯ ಕ್ರಿಯಾಪದ ‘ಮೀಟು’. ಅಂಚಿನ ಗೀರಿನಲ್ಲಿ ತೆಳುವಾದದ್ದೇನನ್ನಾದರೂ ತೂರಿಸಿ ಹೋಳನ್ನು ಎಬ್ಬಿಸುವುದಕ್ಕೆ ಇದಕ್ಕಿಂತ ಒಪ್ಪುವ ಪದ ಕಾಣೆ. ಫೋನ್ ರಿಪೇರಿಯವರು ಈ ಕೆಲಸಕ್ಕೆ ಬಳಸುವುದು ಗಿಟಾರಿನ ತಂತಿ ಮೀಟುವ ಪಿಕ್ಕಿನಂಥ ತೆಳು ಪ್ಲಾಸ್ಟಿಕ್ ಬಿಲ್ಲೆಯನ್ನೇ, ಆದ್ದರಿಂದ ಕನ್ನಡದಲ್ಲಿ ಎರಡೂ ಅರ್ಥ ಒಂದೇ ಬಿಲ್ಲೆಯ ಮೇಲೆ ಕೂತಿವೆ. ಲೋಹದ ತಿರುಪುಳಿಯಿಂದ ಮೀಟಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಾಗುತ್ತದೆ, ಏಕೆಂದರೆ ಅದು ಜಾರಿದರೆ ಕೈಗೋ ಒಳಗಿನ ಬ್ಯಾಟರಿಗೋ ಚುಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಒಂದು ವ್ಯಾಕರಣದ ಸಂಗತಿ. ನಾಣ್ಯದಾಕಾರದ ಲಿಥಿಯಂ ಸೆಲ್‌ಗಳನ್ನು ಮಕ್ಕಳು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೆ ಗಂಭೀರ ಸುಟ್ಟಗಾಯ ಮಾಡಬಲ್ಲವು. ಅಮೆರಿಕದಲ್ಲಿ 2022ರಲ್ಲಿ ಬಂದ ರೀಸ್ ಕಾನೂನಿನ ಪ್ರಕಾರ ಇಂಥ ಸೆಲ್‌ನ ಮುಚ್ಚಳ ಒಂದೋ ಸಾಧನದಿಂದ ಮಾತ್ರ ತೆರೆಯಬೇಕು, ಇಲ್ಲವೇ ಕೈಯಿಂದ ತೆರೆಯುವುದಾದರೆ ಕನಿಷ್ಠ ಎರಡು ಬೇರೆಬೇರೆ ಚಲನೆಗಳನ್ನು ಒಟ್ಟಿಗೇ ಮಾಡಿದಾಗ ಮಾತ್ರ ತೆರೆಯಬೇಕು. ಒಂದಾದ ಮೇಲೊಂದು ಮಾಡಿದರೆ ತೆರೆಯಬಾರದು ಎಂಬುದೇ ಇದರ ಸೂಕ್ಷ್ಮ. ಈಗ ‘ಒತ್ತಿ ಜಾರಿಸಿ’ ಎಂಬ ನಮ್ಮ ವಾಡಿಕೆಯ ಸೂಚನೆಯನ್ನು ನೋಡಿ. ‘ಒತ್ತಿ’ ಭೂತಕೃದಂತ ಅವ್ಯಯ. ಉಂಡು ಮಲಗಿದ ಎಂಬಲ್ಲಿ ಉಣ್ಣುವುದು ಮುಗಿದ ಮೇಲೆ ಮಲಗುವುದು ಬಂದಂತೆ, ಇಲ್ಲಿ ಒತ್ತುವುದು ಮುಗಿದ ಮೇಲೆ ಜಾರಿಸುವುದು ಬರುತ್ತದೆ. ಆ ಸೂಚನೆಯನ್ನು ಅಕ್ಷರಶಃ ಪಾಲಿಸಿದ ಅಜ್ಜಿಗೆ ಮುಚ್ಚಳ ಬಾರದು. ಬಾರದಿದ್ದಾಗ ಅವರು ಚಾಕು ತಂದು ಮೀಟುತ್ತಾರೆ, ಹಲ್ಲು ಮುರಿಯುತ್ತದೆ, ಆಮೇಲೆ ಮುಚ್ಚಳ ಮಗುವಿನ ಕೈಗೂ ಸುಲಭವಾಗಿ ಬರುತ್ತದೆ. ‘ಒತ್ತುತ್ತ ಜಾರಿಸಿ’ ಎಂದರೆ ಮತ್ತೆ ಮತ್ತೆ ಒತ್ತಬೇಕೆಂಬ ಭಾವ ಬರುತ್ತದೆ. ‘ಒತ್ತಿ ಹಿಡಿದುಕೊಂಡೇ ಜಾರಿಸಿ’ ಎಂಬುದು ಉದ್ದವಾದರೂ ಆ ‘ಏ’ ಕಾರದ ಬಲದಿಂದ ಅರ್ಥ ಕೆಡುವುದಿಲ್ಲ. ಇದಕ್ಕಿಂತ ಚಿಕ್ಕದಾದ, ಉಗುರಿನಗಲದ ಮುಚ್ಚಳದ ಮೇಲೆ ಅಚ್ಚೊತ್ತಬಹುದಾದ ರೂಪವೊಂದು ಯಾರಿಗಾದರೂ ಹೊಳೆದರೆ ತಿಳಿಸಬೇಕು.

‘ತಿರುಪುರಹಿತ’ ಎಂಬ ಅರಿಸಮಾಸವನ್ನು ನಾನು ಬಳಸುತ್ತಿಲ್ಲ, ‘ತಿರುಪಿಲ್ಲದ’ ಸಾಕು. ಆದರೆ ಅದನ್ನು ಕೂಡ ಶೀರ್ಷಿಕೆಯಲ್ಲಿ ಮಾತ್ರ ಇಟ್ಟಿದ್ದೇನೆ, ಏಕೆಂದರೆ ಅಂಟು ಹಚ್ಚಿ ಮುಚ್ಚಿದ ಫೋನೂ ಅಲ್ಟ್ರಾಸಾನಿಕ್ ಬೆಸುಗೆ ಹಾಕಿದ ಚಾರ್ಜರೂ ತಿರುಪಿಲ್ಲದವೇ, ಸುಲಭವಾಗಿ ತೆರೆಯುವಂಥವಲ್ಲ. ಐರೋಪ್ಯ ಒಕ್ಕೂಟದ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಉಪಕರಣಗಳೊಳಗಿನ, ಕೈಯಲ್ಲಿ ಒಯ್ಯಬಹುದಾದಂಥ ಬ್ಯಾಟರಿಗಳನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಸುವವರೇ ತೆಗೆದು ಬದಲಾಯಿಸುವಂತಿರಬೇಕು; ಅಂಟು ಕರಗಿಸಲು ಬಿಸಿಯನ್ನೋ ದ್ರಾವಕವನ್ನೋ ಕೇಳುವ ವಿನ್ಯಾಸ ಆ ಅರ್ಥದಲ್ಲಿ ‘ತೆಗೆಯಬಹುದಾದ’ದ್ದಲ್ಲ. ಹಾಗಾಗಿ ಅಂಟಿನ ಕವಚವನ್ನೂ ಕೊಕ್ಕೆಯ ಕವಚವನ್ನೂ ಒಂದೇ ಹೆಸರಿನಡಿ ತರುವುದು ತಪ್ಪುದಾರಿಗೆಳೆಯುತ್ತದೆ.

‘ಕವಚ’ದ ಬಗ್ಗೆ ಹೆಚ್ಚು ಚರ್ಚೆ ಬೇಡ. ಕರ್ಣನ ಕವಚವನ್ನು ನೆನೆದರೆ ಅದು ಬಿಚ್ಚಲು ಬಾರದ ವಸ್ತುವೇ ಸರಿ, ಆದರೂ ಪದ ರೂಢಿಗೆ ಬಂದಿದೆ. ‘ಕರಡಿಗೆ’ ಅರ್ಥದಲ್ಲಿ ಹೆಚ್ಚು ಹತ್ತಿರವಾದರೂ ಇಷ್ಟಲಿಂಗದ ಕರಡಿಗೆಯೇ ಓದುಗರ ಕಣ್ಣಮುಂದೆ ಬರುವುದರಿಂದ ಅದನ್ನು ಅಲ್ಲಿಯೇ ಬಿಡುವುದು ಲೇಸು. ಎರಡು ಅರ್ಧಗಳಿಗೆ ‘ಚಿಪ್ಪು’ ಎನ್ನೋಣವೆಂದರೆ ಒಳಗೆ ‘ಚಿಪ್’ ಇದೆ. ಅದಕ್ಕೇ ‘ಹೋಳು’ ಎಂದಿದ್ದೇನೆ.

ತಮ್ಮಿಂದ ನನಗೆ ಮುಖ್ಯವಾಗಿ ಬೇಕಿರುವುದು ಮೂರು ವಿಷಯಗಳಲ್ಲಿ ಅಭಿಪ್ರಾಯ. ಬಳುಕುಗೊಕ್ಕೆ, ಬಳುಕುಗೂಡಿಕೆಗಳು ಕಿವಿಗೆ ಒಪ್ಪುತ್ತವೆಯೇ, ಅಥವಾ ಕರಾವಳಿಯಲ್ಲೋ ಉತ್ತರ ಕರ್ನಾಟಕದಲ್ಲೋ ಬಡಗಿ, ಅಕ್ಕಸಾಲಿಗರ ಕೆಲಸದಲ್ಲಿ ಹೀಗೆ ಬಗ್ಗಿ ದಾಟಿ ಮರಳುವ ಕೊಕ್ಕೆಗೆ ಬೇರೆ ಹೆಸರೇನಾದರೂ ಇದೆಯೇ? ಕಳಚು ಮತ್ತು ಬಿಚ್ಚುಗಳ ನಡುವೆ ನಾನು ಎಳೆದ ಗೆರೆ ತಮ್ಮ ಕಡೆಯ ಆಡುಮಾತಿನಲ್ಲಿ ನಿಲ್ಲುತ್ತದೆಯೇ? ಕೊನೆಯದಾಗಿ, ಹಲ್ಲಿನ ತಡೆಯುವ ಮೋರೆಗೆ ಸದ್ಯ ‘ತಡೆಮೋರೆ’ ಎಂದು ಬರೆದಿದ್ದೇನೆ. ಒಳಹೋಗುವ ಇಳಿಜಾರಿಗೆ ಅದರ ಜೊತೆಯಲ್ಲಿ ನಿಲ್ಲುವ ಒಂದೇ ಪದ ಇನ್ನೂ ಸಿಕ್ಕಿಲ್ಲ.