ಎಚ್‌ಒ ಮಾದರಿ ರೈಲು ಲೇಔಟ್ ಮೂಲೆಯಲ್ಲಿ ಪುಟ್ಟ ಏರ್‌ಫೀಲ್ಡ್

ಪ್ರಶ್ನೆ: ನನ್ನ ಎಚ್‌ಒ, ಅಂದರೆ ನಿಜದ ಅಳತೆಯ 87ನೇ ಒಂದು ಭಾಗದ (1:87) ಮಾದರಿ ರೈಲು ಲೇಔಟ್‌ನ ಹಿಂದಿನ ಮೂಲೆಯಲ್ಲಿ 90×40 ಸೆಂ.ಮೀ. ಜಾಗ ಉಳಿದಿದೆ. ರನ್‌ವೇ ಹಿಡಿಸುತ್ತಾ? 1:72 ವಿಮಾನದ ಕಿಟ್ ನಡೆಯುತ್ತಾ?

ಉತ್ತರ 1: ಪೂರ್ತಿ ರನ್‌ವೇ ಹಿಡಿಸಲ್ಲ ಸರ್. ನಿಜದ 600 ಮೀಟರ್ ಪಟ್ಟಿಗೂ ಈ ಅಳತೆಯಲ್ಲಿ 6.9 ಮೀಟರ್ ಬೇಕು. ಒಂದು ತುದಿ ಮಾತ್ರ ತೋರಿಸಿ, ಉಳಿದದ್ದು ಮರಗಳ ಸಾಲಿನ ಹಿಂದೆ ಮರೆಯಾಗಲಿ. ಹುಲ್ಲಿನ ಪಟ್ಟಿಯೇ ಚೆಂದ. ಪೈಪರ್ ಕಬ್ ಎಂಬ ಪುಟ್ಟ ವಿಮಾನ ಇಟ್ಟರೆ ರೆಕ್ಕೆಯ ಅಗಲ 12.3 ಸೆಂ.ಮೀ. ಬರುತ್ತೆ. 1:72 ಬೇಡ, ಶೇ. 20ರಷ್ಟು ದೊಡ್ಡದು, ಪಕ್ಕದಲ್ಲಿ ಬೋಗಿ ನಿಂತರೆ ತಕ್ಷಣ ಕಣ್ಣಿಗೆ ಹೊಡೆಯುತ್ತೆ.

ಉತ್ತರ 2: ಹುಲ್ಲಿಗೆ 2 ಮಿ.ಮೀ. ಸ್ಟ್ಯಾಟಿಕ್ ಗ್ರಾಸ್ (ಅಂಟಿನ ಮೇಲೆ ನೆಟ್ಟಗೆ ನಿಲ್ಲುವ ಕೃತಕ ಹುಲ್ಲಿನ ಎಳೆಗಳು) ಸಾಕು. ನೀರು ಬೆರೆಸಿದ ಫೆವಿಕಾಲ್ ಹಚ್ಚುವ ಮುಂಚೆ ಪ್ಲೈವುಡ್‌ನ ಎರಡೂ ಮುಖಕ್ಕೆ ಪೇಂಟ್ ಹೊಡೆಯಿರಿ, ಇಲ್ಲದಿದ್ದರೆ ತೇವ ಕುಡಿದು ಬಾಗುತ್ತೆ. ಅಂಟು ಹಸಿ ಇರುವಾಗಲೇ ಚಕ್ರ ಓಡುವ ಜಾಗದ ಹುಲ್ಲನ್ನು ಒತ್ತಿ ಮಲಗಿಸಿ.

ಉತ್ತರ 3: ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಮರೆಯಬೇಡಿ. ವಿಮಾನ ನೆಲ ಬಿಟ್ಟು ಮೇಲೇರುವುದು ಗಾಳಿಗೆ ಎದುರಾಗಿ, ಹಾಗಾಗಿ ಚೀಲದ ತುದಿ ವಿಮಾನದ ಬಾಲದ ದಿಕ್ಕಿಗೇ ಇರಬೇಕು.