ಅಮ್ಮನ ಆಪರೇಷನ್: ನಾಲ್ಕೂವರೆ ವರ್ಷದ ಮಗಳಿಗೆ ಯಾವಾಗ, ಹೇಗೆ ಹೇಳುವುದು?

ಪ್ರಶ್ನೆ

ನನ್ನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲುಗಳಾಗಿವೆ. ಇನ್ನೆರಡು ವಾರದಲ್ಲಿ ಲ್ಯಾಪರೋಸ್ಕೋಪಿ ಮಾಡಿ ಪಿತ್ತಕೋಶ ತೆಗೆಯುತ್ತಾರೆ. ಎಲ್ಲ ಸರಿಯಾದರೆ ಒಂದೆರಡು ದಿನಕ್ಕೆ ಮನೆಗೆ ಕಳಿಸುತ್ತಾರಂತೆ. ಮಗಳು ಅಮ್ಮನನ್ನು ಬಿಟ್ಟು ಒಂದು ರಾತ್ರಿಯೂ ಮಲಗಿದವಳಲ್ಲ. "ಅಮ್ಮ ಊರಿಗೆ ಹೋಗಿದ್ದಾಳೆ ಅಂದರಾಯಿತು" ಅನ್ನುತ್ತಾರೆ ಮನೆಯ ಹಿರಿಯರು. ನನಗೆ ಮನಸ್ಸೊಪ್ಪುತ್ತಿಲ್ಲ. ಯಾವಾಗ ಹೇಳಲಿ, ಏನಂತ ಹೇಳಲಿ?

ಉತ್ತರ 1 (ಮಕ್ಕಳ ಆಪ್ತಸಮಾಲೋಚಕಿ)

ಊರಿನ ಕತೆ ಬೇಡವೇ ಬೇಡ. ದೊಡ್ಡವರ ಫೋನ್ ಮಾತು ಮಗುವಿನ ಕಿವಿಗೆ ಬಿದ್ದೇ ಬೀಳುತ್ತದೆ. ಊರಿಂದ ಬಂದ ಅಮ್ಮನ ಹೊಟ್ಟೆ ಮೇಲೆ ಬ್ಯಾಂಡೇಜ್ ಕಂಡರೆ, ಮುಂದೆ ಅಮ್ಮ ಬಾಗಿಲಾಚೆ ಕಾಲಿಟ್ಟರೂ ಅವಳಿಗೆ ನಂಬಿಕೆ ಇರುವುದಿಲ್ಲ. ಮಗು ನಿದ್ದೆಯಲ್ಲಿದ್ದಾಗ ಸದ್ದಿಲ್ಲದೆ ಹೊರಟುಬಿಡುವುದೂ ಅಷ್ಟೇ ತಪ್ಪು.

ಈ ವಯಸ್ಸಿಗೆ ಮೂರ್ನಾಲ್ಕು ದಿನ ಮೊದಲು ಹೇಳಿದರೆ ಸಾಕು. ಎರಡು ವಾರ ಅನ್ನುವುದು ಅವಳ ಅಳತೆಗೆ ಸಿಗುವುದಿಲ್ಲ, ದಿನಾ "ಇವತ್ತಾ?" ಅಂತ ಕಾಯುತ್ತಾ ಹೆದರುತ್ತಾಳೆ. ಅಷ್ಟರೊಳಗೆ ಅವಳೇ ಏನಾದರೂ ಕೇಳಿಸಿಕೊಂಡು ಪ್ರಶ್ನೆ ಎತ್ತಿದರೆ ಆಗಲೇ ಹೇಳಿಬಿಡಿ. ಹಗಲು ಹೊತ್ತಿನಲ್ಲಿ, ಅಮ್ಮನೂ ಪಕ್ಕದಲ್ಲಿ ಕೂತಿರುವಾಗ ಹೇಳಿ. ಮಲಗುವ ಹೊತ್ತಿಗೆ ಬೇಡ.

ಮಾತು ಇಷ್ಟಿದ್ದರೆ ಸಾಕು: "ಅಮ್ಮನ ಹೊಟ್ಟೆಯೊಳಗೆ ಒಂದು ಪುಟ್ಟ ಚೀಲ ಇದೆ. ಅದು ಕೆಟ್ಟಿರೋದಕ್ಕೇ ಅಮ್ಮನಿಗೆ ಆಗಾಗ ತುಂಬಾ ನೋವು. ಸೋಮವಾರ ಡಾಕ್ಟರು ಅದನ್ನ ತೆಗೀತಾರೆ. ಆ ಚೀಲ ಇಲ್ಲದಿದ್ರೂ ಅಮ್ಮ ಊಟ ಮಾಡಬಹುದು, ನಿನ್ನ ಜೊತೆ ಆಡಬಹುದು. ಅಮ್ಮ ಆಸ್ಪತ್ರೆಲಿರೋವಾಗ ರಾತ್ರಿ ನಿನ್ನ ಪಕ್ಕ ಅಪ್ಪ ಮಲಗ್ತಾರೆ." ಹೇಳಿ ಸುಮ್ಮನಾಗಿ. ಅವಳು ಕೇಳಿದಷ್ಟಕ್ಕೆ ಉತ್ತರ ಕೊಡಿ. ಏನೂ ಕೇಳದೆ ಆಡಲು ಓಡಿಹೋದರೆ ಅರ್ಥವಾಗಿಲ್ಲ ಅಂದುಕೊಳ್ಳಬೇಡಿ, ಪ್ರಶ್ನೆ ನಾಳೆ ಸ್ನಾನದ ಹೊತ್ತಿಗೆ ಬರುತ್ತದೆ.

ಕೆಲವು ಪದಗಳ ಬಗ್ಗೆ ಎಚ್ಚರ ಬೇಕು. ಬರೀ "ಹೊಟ್ಟೆನೋವು" ಅಂದರೆ ತನ್ನ ಹೊಟ್ಟೆ ನೊಂದಾಗ ತನಗೂ ಆಪರೇಷನ್ ಅಂದುಕೊಳ್ಳುತ್ತಾಳೆ. "ಕಲ್ಲು" ಅಂದರೆ ಅಮ್ಮ ಕಲ್ಲು ತಿಂದಳು ಅಂತ ಅರ್ಥಮಾಡಿಕೊಳ್ಳಬಹುದು. ಆ ಪದ ಆಗಲೇ ಕಿವಿಗೆ ಬಿದ್ದಿದ್ದರೆ "ತಿಂದಿದ್ದಲ್ಲ, ಒಳಗೇ ಆಗಿದ್ದು" ಅನ್ನಿ. "ಡಾಕ್ಟರು ಮಲಗಿಸ್ತಾರೆ" ಅಂತಷ್ಟೇ ಹೇಳಿದರೆ ರಾತ್ರಿ ನಿದ್ದೆಗೇ ಹೆದರುವ ಮಕ್ಕಳಿದ್ದಾರೆ. "ಅದು ರಾತ್ರಿ ನಿದ್ದೆ ಅಲ್ಲ, ಔಷಧಿಯಿಂದ ಬರೋದು. ಅಮ್ಮನಿಗೆ ಏನೂ ನೋವು ಗೊತ್ತಾಗಲ್ಲ. ಮುಗಿದ ಮೇಲೆ ಔಷಧಿ ನಿಲ್ಲಿಸ್ತಾರೆ, ಎಚ್ಚರ ಆಗುತ್ತೆ" ಅಂತ ಬಿಡಿಸಿ ಹೇಳಿ.

ಇನ್ನೊಂದನ್ನು ಅವಳು ಕೇಳದಿದ್ದರೂ ಹೇಳಲೇಬೇಕು. ತಾನು ಹಟ ಮಾಡಿದ್ದಕ್ಕೆ, ಅಮ್ಮನ ಹೊಟ್ಟೆ ಮೇಲೆ ಕುಣಿದಿದ್ದಕ್ಕೆ ಹೀಗಾಯಿತು ಅಂತ ಈ ವಯಸ್ಸಿನವರು ಒಳಗೊಳಗೇ ನಂಬಿಕೊಂಡಿರುತ್ತಾರೆ. "ನೀನು ಮಾಡಿದ್ದರಿಂದ ಅಲ್ಲ, ಯಾರು ಮಾಡಿದ್ದರಿಂದಲೂ ಅಲ್ಲ, ನಿನಗೆ ಅಂಟೋದೂ ಇಲ್ಲ." ಅಜ್ಜಿ, ಟೀಚರ್, ನೀವು ಎಲ್ಲರೂ ಇದೇ ಮಾತು ಹೇಳಬೇಕು. ತಲೆಗೊಂದು ಮಾತಾದರೆ ಮಗು ಇರುವುದರಲ್ಲಿ ಭಯಂಕರವಾದದ್ದನ್ನೇ ಹಿಡಿದುಕೊಳ್ಳುತ್ತದೆ.

ಉತ್ತರ 2 (ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್)

ಮೇಲಿನದಕ್ಕೆ ವಾರ್ಡಿನ ಕಡೆಯಿಂದ ಕೆಲವು ಸೇರಿಸುತ್ತೇನೆ.

ಆಪರೇಷನ್ ದಿನ ಅಮ್ಮ ಖಾಲಿ ಹೊಟ್ಟೆಯಲ್ಲಿರಬೇಕು. ಸಾಮಾನ್ಯವಾಗಿ ಗಟ್ಟಿ ಆಹಾರ ಕಡಿಮೆಯೆಂದರೂ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಿಸುತ್ತಾರೆ. ನಿಮಗೆ ಹೇಳಿದ ಸಮಯವನ್ನೇ ಪಾಲಿಸಿ. ಮಗುವಿಗೆ ತಿನ್ನಿಸುತ್ತಾ ತಾನೂ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವುದು ತಾಯಂದಿರಿಗೆ ಕೈ ಅಭ್ಯಾಸ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ಆ ಒಂದು ತುತ್ತಿಗೆ ಆಪರೇಷನ್ನೇ ಮುಂದಕ್ಕೆ ಹೋಗಬಹುದು. ಅವತ್ತು ಬೆಳಿಗ್ಗೆ ನೀವೇ ತಿನ್ನಿಸಿ. "ಇವತ್ತು ಅಮ್ಮ ತಿನ್ನೋ ಹಾಗಿಲ್ಲ, ಡಾಕ್ಟರು ಹೇಳಿದ್ದಾರೆ" ಅಂತ ಮಗಳಿಗೂ ಗೊತ್ತಿರಲಿ.

ಮೊದಲ ವಿಡಿಯೊ ಕಾಲ್‌ಗೆ ಅವಸರ ಬೇಡ. ಆಕೆ ಒರಗಿ ಕೂತು ಮಾತಾಡುವಷ್ಟಾದ ಮೇಲೆ ಮಾಡಿ, ಎರಡು ಮೂರು ನಿಮಿಷ ಸಾಕು. ಉಸಿರಾಟಕ್ಕೆ ಗಂಟಲಿಗೆ ನಳಿಗೆ ಹಾಕಿರುವುದರಿಂದ ದನಿ ಒಡೆದಿರಬಹುದು. "ಅಮ್ಮನ ದನಿ ಸ್ವಲ್ಪ ಬೇರೆ ಥರ ಇರುತ್ತೆ, ಕೈಗೆ ಡ್ರಿಪ್ ಹಾಕಿರ್ತಾರೆ" ಅಂತ ಕಾಲ್‌ಗೆ ಮೊದಲೇ ತಿಳಿಸಿ.

ಮನೆಗೆ ಬಂದ ಮೇಲೇ ನಿಜವಾದ ಪರೀಕ್ಷೆ. ಸಾಮಾನ್ಯವಾಗಿ ನಾಲ್ಕು ಸಣ್ಣ ಗಾಯಗಳಿರುತ್ತವೆ: ಒಂದು ಹೊಕ್ಕುಳ ಹತ್ತಿರ, ಉಳಿದವು ಎದೆಗೂಡಿನ ಕೆಳಗೆ, ಹೆಚ್ಚಾಗಿ ಬಲಗಡೆ. ಹಾಗಾಗಿ ಮಗಳು ಎಡಗಡೆ ಕೂರಲಿ, ಅಮ್ಮನ ಹೊಟ್ಟೆಗೆ ಒಂದು ದಿಂಬು ಅಡ್ಡ ಇರಲಿ. ಆಪರೇಷನ್ನಿಗೆ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಅದು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರಾಟಕ್ಕೆ ನೆರವಾಗುವ ಸ್ನಾಯು) ಕೆಣಕುವುದರಿಂದ ಕೆಲವು ದಿನ ಭುಜ ನೋಯುತ್ತದೆ. ಕುತ್ತಿಗೆಗೆ ಜೋತುಬಿದ್ದರೆ ಜೀವ ಹೋದಂತಾಗುತ್ತದೆ. ನಾಲ್ಕೂವರೆ ವರ್ಷದ ಮಗು ಸುಮಾರು 16 ಕಿಲೊ ಇರುತ್ತದೆ, ಅಷ್ಟು ಭಾರ ಎತ್ತುವುದಕ್ಕೆ ಸರ್ಜನ್ ಒಪ್ಪುವವರೆಗೆ ಕಾಯಬೇಕು. "ಎತ್ಕೊಳ್ಳಲ್ಲ" ಅಂತ ನಿಲ್ಲಿಸಬೇಡಿ, "ಎತ್ಕೊಳ್ಳೋಕಾಗಲ್ಲ, ಪಕ್ಕ ಬಾ, ಕೈ ಹಿಡ್ಕೋ" ಅನ್ನಿ. ಗೊಂಬೆಯ ಹೊಟ್ಟೆಗೆ ನಾಲ್ಕು ಪಟ್ಟಿ ಅಂಟಿಸಿ ಎಲ್ಲಿ ಮುಟ್ಟಬಹುದು, ಎಲ್ಲಿ ಬಾರದು ಅಂತ ಮೊದಲೇ ಆಡಿಸಿದರೆ ಬೇಗ ಕಲಿಯುತ್ತಾಳೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. "ಅಮ್ಮ ಸತ್ತುಹೋಗ್ತಾಳಾ?" ಅಂತ ಕೇಳಿದರೆ?

ಉತ್ತರ 1

"ಛೀ, ಬಿಡ್ತು ಅನ್ನು" ಅಂತ ಗದರಬೇಡಿ, ಆಮೇಲೆ ಆ ಭಯವನ್ನು ಯಾರಿಗೂ ಹೇಳುವುದಿಲ್ಲ. "ಡಾಕ್ಟರು ಈ ಆಪರೇಷನ್ ತುಂಬಾ ಜನಕ್ಕೆ ಮಾಡಿದ್ದಾರೆ. ಮುಗಿಯೋವರೆಗೂ ಅಮ್ಮನ ಪಕ್ಕದಲ್ಲೇ ಇದ್ದು ನೋಡ್ಕೋತಾರೆ. ಅಮ್ಮ ಹುಷಾರಾಗಿ ಮನೆಗೆ ಬರ್ತಾಳೆ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ" ಅನ್ನಿ. "ಬುಧವಾರ ಬಂದೇ ಬರ್ತಾಳೆ" ಅಂತ ದಿನಕ್ಕೆ ಮಾತ್ರ ಆಣೆ ಇಡಬೇಡಿ, "ಡಾಕ್ಟರು ಹೂಂ ಅಂದ ದಿನ" ಅನ್ನಿ.

ಅಮ್ಮ ಬಂದ ಮೇಲೆ ಮಗಳು ಮುಖ ತಿರುಗಿಸಿಕೊಂಡರೆ, ಹಾಸಿಗೆ ಒದ್ದೆ ಮಾಡಿದರೆ ಬೈಯಬೇಡಿ. ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ. ತಿಂಗಳು ದಾಟಿಯೂ ನಿದ್ದೆ, ಊಟ ಸರಿಹೋಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.